ಸ್ಪಿಟ್‌ಫೈರ್ ಮಾಡೆಲ್‌ನಲ್ಲಿ ಎಡವಟ್ಟಾದಾಗ: ಲಕ್ಷಣ ಹಿಡಿದು ದೋಷ ಹುಡುಕುವ ಕೈಪಿಡಿ

ಮಾಡೆಲ್ ವಿಮಾನದ ರೌಂಡೆಲ್, ಅಂದರೆ ವಾಯುದಳದ ದುಂಡನೆಯ ಗುರುತಿನ ಅಂಚಿನಲ್ಲಿ ಬೆಳ್ಳಿಯಂಥ ಹೊಳಪು ಕಂಡರೆ ಡೀಕಾಲ್ ಹಾಳೆ (ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರಗಳ ಹಾಳೆ) ಕಳಪೆ ಅನ್ನುತ್ತೇವೆ. ಮಾಸ್ಕಿಂಗ್ ಟೇಪ್ ಜೊತೆ ಬಣ್ಣವೂ ಎದ್ದು ಬಂದರೆ ಟೇಪಿನ ಅಂಟು ಜಾಸ್ತಿ ಅನ್ನುತ್ತೇವೆ. ಹೆಚ್ಚಿನ ಸಲ ತಪ್ಪು ಅಲ್ಲಿರುವುದಿಲ್ಲ. ಹಾಳಾಗುವುದು ಒಂದು ಪದರದಲ್ಲಿ, ಕಣ್ಣಿಗೆ ಬೀಳುವುದು ಅದರ ಮೇಲಿನ ಪದರದಲ್ಲಿ. ಆದ್ದರಿಂದ ಯಾವ ಲಕ್ಷಣ ಕಂಡರೂ ಮೊದಲು ಅದರ ಕೆಳಗೇನಿದೆ ಅಂತ ನೋಡಬೇಕು.

ಈ ಕೈಪಿಡಿಗೆ ಉದಾಹರಣೆ ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್ ಮಾರ್ಕ್ 8ರ 1/72 ಅಳತೆಯ ಪ್ಲಾಸ್ಟಿಕ್ ಕಿಟ್. ಭಾರತೀಯ ವಾಯುದಳದ 8ನೇ ಸ್ಕ್ವಾಡ್ರನ್ 1944ರಲ್ಲಿ ವೆಂಜೆನ್ಸ್ ಡೈವ್ ಬಾಂಬರ್‌ಗಳನ್ನು ಬಿಟ್ಟು ಈ ವಿಮಾನಕ್ಕೆ ಬಂತು, ಬರ್ಮಾ ರಂಗದಲ್ಲಿ ಇದನ್ನೇ ಹಾರಿಸಿತು. ಜಪಾನಿನ ಕೆಂಪು ಸೂರ್ಯನ ಗುರುತಿನೊಂದಿಗೆ ಗೊಂದಲ ಆಗಬಾರದೆಂದು ಆ ರಂಗದಲ್ಲಿ ರೌಂಡೆಲ್‌ನಿಂದ ಕೆಂಪನ್ನೇ ತೆಗೆದು, ಕಡುನೀಲಿಯ ನಡುವೆ ತಿಳಿನೀಲಿ ಇಟ್ಟಿದ್ದರು. 1945ರಲ್ಲಿ ರೆಕ್ಕೆಗೂ ಬಾಲಕ್ಕೂ ಬಿಳಿ ಪಟ್ಟಿ ಬಂತು. ತಿಳಿಬಣ್ಣದ ಡೀಕಾಲ್, ಬಿಳಿ ಪಟ್ಟಿ, ಎರಡು ಬಣ್ಣದ ಕ್ಯಾಮಫ್ಲಾಜ್, ಬುಡದಲ್ಲಿ ನಯವಾಗಿ ಬಾಗಿ ಮೈಗೆ ಸೇರುವ ರೆಕ್ಕೆ ಎಲ್ಲ ಒಂದೇ ಮಾಡೆಲ್‌ನಲ್ಲಿ ಸೇರಿರುವುದರಿಂದ ಕೈಕೊಡಬಹುದಾದ ಜಾಗಗಳೂ ಇದರಲ್ಲಿ ಹೆಚ್ಚು. ಹರಿಕೇನ್, ಮಸ್ಟಾಂಗ್, ಝೀರೋ ಕಟ್ಟುವವರಿಗೂ ಇಲ್ಲಿನ ಬಹುಪಾಲು ಹಾಗೇ ಅನ್ವಯಿಸುತ್ತದೆ.

ಏನನ್ನೂ ಸರಿಪಡಿಸಲು ಹೋಗುವ ಮುನ್ನ

ಮೂರು ಪರೀಕ್ಷೆಗಳಿವೆ, ಮೂರಕ್ಕೂ ಕಾಸು ಖರ್ಚಿಲ್ಲ.

ಮೊದಲನೆಯದು ಓರೆ ಬೆಳಕು. ಮೊಬೈಲ್ ಟಾರ್ಚನ್ನು ರೆಕ್ಕೆಯ ಮೈಗೆ ಬಹುತೇಕ ಸಮಾನಾಂತರವಾಗಿ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಗೀರು, ತರಿ, ತಗ್ಗು ಎಲ್ಲ ಆಗ ನೆರಳು ಬೀಳಿಸಿ ಎದ್ದು ಕಾಣುತ್ತವೆ. ಎರಡನೆಯದು ಒದ್ದೆ ಬೆರಳು. ಮಂಕಾದ ಜಾಗವನ್ನು ನೀರಿನಿಂದ ಒದ್ದೆ ಮಾಡಿದಾಗ ಬಣ್ಣ ಸರಿಯಾಗಿ ಕಂಡರೆ ದೋಷ ಮೇಲ್ಮೈಯ ಒರಟುತನದ್ದು, ಒದ್ದೆಯಾದರೂ ಹಾಗೇ ಉಳಿದರೆ ದೋಷ ಒಳಪದರದ್ದು. ಮೂರನೆಯದು ಪ್ಲಾಸ್ಟಿಕ್ ಚಮಚ. ಮಾಡೆಲ್‌ಗೆ ಹೊಡೆಯುವ ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ಪದರ), ಬಣ್ಣ, ವಾರ್ನಿಶ್ ಎಲ್ಲವನ್ನೂ ಅದೇ ದಿನ, ಅದೇ ಕ್ರಮದಲ್ಲಿ ಒಂದು ಚಮಚದ ಬೆನ್ನಿಗೂ ಹೊಡೆದಿಡಿ. ಮುಂದೆ ಯಾವ ಪರಿಹಾರವನ್ನಾದರೂ ಮೊದಲು ಚಮಚದ ಮೇಲೆ ಮಾಡಿ ನೋಡಬಹುದು. ಈ ಅಭ್ಯಾಸ ಒಂದಿದ್ದರೆ ಅರ್ಧ ಮಾಡೆಲ್‌ಗಳು ಉಳಿಯುತ್ತವೆ.

ಸುರಕ್ಷತೆಯ ಮಾತು ಇಲ್ಲೇ ಬರಲಿ. ಬಣ್ಣ ತೆಳುಮಾಡುವ ಲ್ಯಾಕರ್ ಥಿನ್ನರ್ ಮತ್ತು ಎನಾಮೆಲ್ ಥಿನ್ನರ್ ಎರಡಕ್ಕೂ ಬೆಂಕಿ ಬೇಗ ಹತ್ತುತ್ತದೆ. ಗ್ಯಾಸ್ ಒಲೆ, ದೇವರ ಮನೆಯ ದೀಪ, ಊದುಬತ್ತಿ, ಸೊಳ್ಳೆಬತ್ತಿ ಇರುವ ಕೋಣೆಯಲ್ಲಿ ಸ್ಪ್ರೇ ಮಾಡಬೇಡಿ. ಬಟ್ಟೆ ಮಾಸ್ಕ್ ಆಗಲಿ, ಎನ್95 ಆಗಲಿ ದ್ರಾವಕದ ಆವಿಯನ್ನು ತಡೆಯುವುದಿಲ್ಲ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ರೇ ಬೇಕು, ಜೊತೆಗೆ ಗಾಳಿ ಹೊರಗೆ ಹೋಗುವ ದಾರಿಯೂ ಬೇಕು. ತಲೆ ಹಗುರಾದಂತೆ, ಹೊಟ್ಟೆ ತೊಳಸಿದಂತೆ ಆದರೆ ಆ ಕ್ಷಣವೇ ನಿಲ್ಲಿಸಿ ಬಯಲಿಗೆ ಬನ್ನಿ. ಹೊರಗೆ ಬಂದ ಮೇಲೂ ಕಡಿಮೆಯಾಗದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಲಕ್ಷಣ: ರೆಕ್ಕೆಯ ಬುಡದಲ್ಲಿ ಸಂದು, ಅಥವಾ ಒಂದು ರೆಕ್ಕೆ ಇಳಿದಂತೆ ಕಾಣುತ್ತದೆ

1/72ರಲ್ಲಿ 0.3 ಮಿ.ಮೀ. ಸಂದು ಎಂದರೆ ನಿಜವಾದ ವಿಮಾನದಲ್ಲಿ ಹೆಚ್ಚುಕಡಿಮೆ 22 ಮಿ.ಮೀ. ಹೆಬ್ಬೆರಳು ತೂರುವಷ್ಟು. ಸ್ಪಿಟ್‌ಫೈರ್‌ನ ರೆಕ್ಕೆ ಮೈಗೆ ಸೇರುವ ಕಡೆ ಒಂದು ನಯವಾದ ಬಾಗು ಇದೆ. ಆ ಬಾಗಿನ ಮೇಲೆ ಕರಿಗೆರೆ ಬಿದ್ದರೆ ಅದನ್ನು ಯಾವ ಬಣ್ಣವೂ ಮುಚ್ಚುವುದಿಲ್ಲ.

ಅಂಟು ಹಾಕುವ ಮೊದಲೇ ಇದು ಕಂಡಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ರೆಕ್ಕೆಯನ್ನು ಒಣದಾಗಿ ಜೋಡಿಸಿ, ಟೇಪ್ ಸುತ್ತಿ, ಸಂದು ಎರಡೂ ಕಡೆ ಇದೆಯೋ ಒಂದೇ ಕಡೆಯೋ ನೋಡಿ.

ಎರಡೂ ಕಡೆ ಸಮನಾಗಿದ್ದರೆ ಮೈ ಕಿರಿದಾಗಿದೆ ಎಂದರ್ಥ. ಕಿಟ್‌ನ ಸ್ಪ್ರೂ ಕಡ್ಡಿಯಿಂದ (ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಒಂದು ತುಂಡು ಕತ್ತರಿಸಿ, ಮೈಯ ಎರಡು ಗೋಡೆಗಳ ನಡುವೆ ಅಡ್ಡ ಕೊಟ್ಟು, ಸಂದು ಮುಚ್ಚುವಷ್ಟು ಅಗಲಿಸಿ ಅಂಟಿಸಿ. ಪುಟ್ಟಿಯ ಕೆಲಸವೇ ಇಲ್ಲದೆ ಮುಗಿಯುತ್ತದೆ.

ಒಂದೇ ಕಡೆ ಇದ್ದರೆ, ಅಥವಾ ರೆಕ್ಕೆ ಪೂರ್ತಿ ಕೂರದೆ ಕೆಳಗೆ ಜೋತಿದ್ದರೆ, ಕಾಕ್‌ಪಿಟ್ ನೆಲವನ್ನು ಅನುಮಾನಿಸಿ. ಕಾಕ್‌ಪಿಟ್‌ನ ಬುಡ ಅರ್ಧ ಮಿಲಿಮೀಟರ್ ಕೆಳಗೆ ಚಾಚಿದ್ದರೂ ರೆಕ್ಕೆಯ ಮಧ್ಯಭಾಗ ಅದರ ಮೇಲೆ ಎಡವುತ್ತದೆ. ಪತ್ತೆ ಸುಲಭ: ರೆಕ್ಕೆಯ ಒಳಮೈಗೆ ಮಾರ್ಕರ್ ಪೆನ್ ಬಳಿದು, ಒಣಗುವ ಮುನ್ನ ಒತ್ತಿ ತೆಗೆಯಿರಿ. ಮಸಿ ಎಲ್ಲಿ ಹತ್ತಿತೋ ಅಲ್ಲೇ ತಾಗುತ್ತಿದೆ. ಅಷ್ಟನ್ನೇ ಕೆರೆಯಿರಿ. ಸ್ಪ್ರೂನಿಂದ ಬಿಡಿಸುವಾಗ ಉಳಿದ ಪುಟ್ಟ ಗುಬ್ಬಿಯೂ ಹೀಗೇ ಕಾಟ ಕೊಡುತ್ತದೆ, ಚಾಕುವಿನಿಂದ ಸವರಿದರೆ ಹೋಯಿತು. ಚಾಕುವಿನ ಬ್ಲೇಡ್ ಹೊಸದಿರಲಿ. ಮೊಂಡು ಬ್ಲೇಡಿಗೆ ಬಲ ಹಾಕಬೇಕು, ಬಲ ಹಾಕಿದಾಗ ಜಾರಿ ಬೆರಳಿಗೆ ಬೀಳುತ್ತದೆ.

ರೆಕ್ಕೆಯ ಏರು ಅಳೆಯುವುದು ಹೀಗೆ. ಸ್ಪಿಟ್‌ಫೈರ್‌ನ ರೆಕ್ಕೆಗಳು 6 ಡಿಗ್ರಿ ಮೇಲಕ್ಕೆ ಏರುತ್ತವೆ, ಅಂದರೆ ಪ್ರತಿ 10 ಮಿ.ಮೀ. ಉದ್ದಕ್ಕೆ ಸುಮಾರು 1 ಮಿ.ಮೀ. ಏರು. ದಪ್ಪ ರಟ್ಟಿನಲ್ಲಿ ಈ ಕೋನ ಕತ್ತರಿಸಿ ರೆಕ್ಕೆಯಡಿ ಇಟ್ಟು ನೋಡಿ. ಎರಡು ತುದಿಗಳ ಎತ್ತರ ಮೇಜಿನಿಂದ ಅರ್ಧ ಮಿಲಿಮೀಟರ್‌ಗಿಂತ ಹೆಚ್ಚು ಬೇರೆ ಇರಬಾರದು. ಪ್ರಮಾಣಿತ ತುದಿಯ ರೆಕ್ಕೆ ತುದಿಯಿಂದ ತುದಿಗೆ 156 ಮಿ.ಮೀ. ಇರಬೇಕು, ನಿಜವಾದದ್ದು 11.23 ಮೀಟರ್. ಏರು ಕಡಿಮೆ ಬಂದರೆ, ಅಂಟು ಹಾಕಿದ ತಕ್ಷಣ ಒಂದು ರೆಕ್ಕೆ ತುದಿಯಿಂದ ಕಾಕ್‌ಪಿಟ್ ಮೇಲೆ ಹಾಯಿಸಿ ಇನ್ನೊಂದು ತುದಿಗೆ ಟೇಪ್ ಎಳೆದು ಬಿಗಿಯಿರಿ. 24 ಗಂಟೆ ಮುಟ್ಟಬೇಡಿ.

ಅಂಟು ಗಟ್ಟಿಯಾದ ಮೇಲೆ ಸಂದು ಕಂಡಿತೇ? ಕಿತ್ತರೆ ಬಾಗಿನ ತೆಳು ಅಂಚು ಮುರಿಯುತ್ತದೆ, ಹಾಗಾಗಿ ತುಂಬುವುದೇ ಸರಿ. ನೀರಿನಲ್ಲಿ ಕರಗುವ ಅಕ್ರಿಲಿಕ್ ಪುಟ್ಟಿ ತುಂಬಿ, ಒದ್ದೆ ಇಯರ್‌ಬಡ್‌ನಿಂದ ಒಂದೇ ದಿಕ್ಕಿಗೆ ಒರೆಸಿ. ಉಜ್ಜುವ ಅಗತ್ಯವೇ ಬರುವುದಿಲ್ಲ, ಸುತ್ತಲಿನ ಪ್ಯಾನೆಲ್ ಗೆರೆಗಳೂ (ತಗಡುಗಳ ಜೋಡಣೆ ತೋರಿಸುವ ಕೊರೆದ ಗೆರೆಗಳು) ಉಳಿಯುತ್ತವೆ.

ಲಕ್ಷಣ: ಉಜ್ಜಿ ಅಳಿಸಿದ್ದ ಜೋಡಣೆಯ ಗೆರೆ ಬಣ್ಣದ ಮೇಲೆ ಮತ್ತೆ ಕಂಡಿದೆ

ಮೈಯ ಬೆನ್ನಿನ ಮೇಲೆ, ಮೂಗಿನ ಮೇಲೆ, ಕೂದಲೆಳೆಯಂಥ ತಗ್ಗು. ಪ್ಲಾಸ್ಟಿಕ್ ಸಿಮೆಂಟ್ ಎರಡು ಭಾಗಗಳ ಅಂಚನ್ನು ಕರಗಿಸಿ ಒಂದಾಗಿಸುತ್ತದೆ. ಒಳಗಿನ ದ್ರಾವಕ ಪೂರ್ತಿ ಆರುವವರೆಗೂ ಆ ಜಾಗ ಮೆತ್ತಗೆ, ತುಸು ಉಬ್ಬಿಕೊಂಡಿರುತ್ತದೆ. ಅದೇ ಸಂಜೆ ಉಜ್ಜಿ ಸಮ ಮಾಡಿದರೆ ಉಬ್ಬನ್ನು ಸಮ ಮಾಡಿದಂತೆ. ನಾಲ್ಕು ದಿನ ಬಿಟ್ಟು ಅದು ಕುಗ್ಗಿದಾಗ ತಗ್ಗು ಉಳಿಯುತ್ತದೆ. ಟ್ಯೂಬಿನ ಪುಟ್ಟಿಯೂ ಹೀಗೇ ಕುಗ್ಗುತ್ತದೆ.

ಉಗುರು ಆಡಿಸಿ ನೋಡಿ. ಉಗುರಿಗೆ ಸಿಗದಿದ್ದರೆ ದಪ್ಪ ಪ್ರೈಮರ್ ಎರಡು ಸಲ ಬ್ರಷ್‌ನಲ್ಲಿ ಎಳೆದು, ಒಣಗಿಸಿ, 1000 ನಂಬರಿನ ವಾಟರ್ ಪೇಪರ್ ಹೊಡೆದರೆ ಸಾಕು. ಉಗುರು ಸಿಕ್ಕಿಕೊಂಡರೆ ಫೆವಿಕ್ವಿಕ್‌ನಂಥ ಸೂಪರ್ ಗ್ಲೂವನ್ನು ಸೂಜಿಯ ತುದಿಯಿಂದ ತಗ್ಗಿನುದ್ದಕ್ಕೂ ಹರಿಸಿ. ಅದು ಕುಗ್ಗುವುದಿಲ್ಲ. ಆದರೆ ಒಂದೆರಡು ಗಂಟೆಯೊಳಗೆ ಉಜ್ಜಬೇಕು; ರಾತ್ರಿ ಕಳೆದರೆ ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿ, ಪೇಪರ್ ಅದನ್ನು ಬಿಟ್ಟು ಅಕ್ಕಪಕ್ಕವನ್ನೇ ಸವೆಸುತ್ತದೆ. 400, 600, 1000 ಹೀಗೆ ನಂಬರು ಏರಿಸುತ್ತ, ನೀರು ಹಾಕಿಯೇ ಉಜ್ಜಿ. ಒಣದಾಗಿ ಉಜ್ಜಿದ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ರೆಸಿನ್ ಭಾಗಗಳಾದರೆ ಇದು ಇನ್ನೂ ಕಟ್ಟುನಿಟ್ಟು.

ಸೂಪರ್ ಗ್ಲೂ ವಿಷಯದಲ್ಲಿ ಎರಡು ಎಚ್ಚರಿಕೆ. ಹತ್ತಿಗೂ ಹತ್ತಿ ಬಟ್ಟೆಗೂ ಅದು ಜಾಸ್ತಿ ಚೆಲ್ಲಿದರೆ ಚರ್ಮ ಸುಡುವಷ್ಟು ಬಿಸಿಯಾಗುತ್ತದೆ. ಬೆರಳು ಅಂಟಿಕೊಂಡರೆ ಎಳೆಯದೆ ಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿ ಮೆಲ್ಲಗೆ ಹೊರಳಿಸಿ. ಕಣ್ಣಿಗೆ ಹಾರಿದರೆ ರೆಪ್ಪೆಯನ್ನು ಬಲವಂತವಾಗಿ ಬಿಡಿಸಬೇಡಿ, ನೀರು ಹಾಕುತ್ತಲೇ ಕಣ್ಣಾಸ್ಪತ್ರೆಗೆ ಹೊರಡಿ.

ಲಕ್ಷಣ: ಮಾಸ್ಕಿಂಗ್ ಟೇಪ್ ತೆಗೆದರೆ ಬಣ್ಣವೂ ಬರುತ್ತದೆ

ಕಿತ್ತು ಬಂದ ಚೂರನ್ನು ತಿರುವಿ ನೋಡಿ. ಉತ್ತರ ಅದರ ಬೆನ್ನಿನಲ್ಲೇ ಇದೆ.

ಚೂರಿನ ಹಿಂದೆ ಪ್ರೈಮರ್ ಅಂಟಿಕೊಂಡು, ಕೆಳಗೆ ಬರಿ ಪ್ಲಾಸ್ಟಿಕ್ ಕಂಡರೆ ಪ್ಲಾಸ್ಟಿಕ್ ಮೈ ಜಿಡ್ಡಾಗಿತ್ತು. ಅಚ್ಚಿನಿಂದ ಭಾಗ ಸಲೀಸಾಗಿ ಬಿಡಲೆಂದು ಬಳಸುವ ಎಣ್ಣೆಯ ಪಸೆ ಉಳಿದಿರಬಹುದು, ಕೈಬೆವರಿನ ಜಿಡ್ಡಿರಬಹುದು. ಚೂರಿನ ಹಿಂದೆ ಬಣ್ಣವಷ್ಟೇ ಇದ್ದು ಪ್ರೈಮರ್ ಮಾಡೆಲ್ ಮೇಲೇ ಉಳಿದಿದ್ದರೆ, ಬಣ್ಣ ಪ್ರೈಮರನ್ನು ಕಚ್ಚಿಲ್ಲ. ಬೇಗ ಒಣಗಿ ಪುಡಿಯಾಗಿ ಕೂತಿರಬೇಕು, ಇಲ್ಲವೇ ಪೂರ್ತಿ ಒಣಗುವ ಮುನ್ನ ಟೇಪ್ ಬಿದ್ದಿರಬೇಕು. ಪ್ರೈಮರೇ ಇಲ್ಲದೆ ವ್ಯಾಲೆಹೋ ಕಂಪನಿಯದರಂಥ ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣ ಹೊಡೆದಿದ್ದರೆ ಹೆಚ್ಚು ಹುಡುಕುವುದು ಬೇಡ, ಕಾರಣ ಅದೇ.

ಮೊದಲ ಪರಿಹಾರ ಪಾತ್ರೆ ತೊಳೆಯುವ ಸಾಬೂನು. ಭಾಗಗಳನ್ನು ಸ್ಪ್ರೂನಲ್ಲಿರುವಾಗಲೇ ಉಗುರುಬೆಚ್ಚಗಿನ ನೀರಿನಲ್ಲಿ ಮೆತ್ತನೆಯ ಬ್ರಷ್‌ನಿಂದ ತೊಳೆದು, ಗಾಳಿಗೆ ಆರಿಸಿ. ಕುದಿಯುವ ನೀರು ಬೇಡ, ರೆಕ್ಕೆ ಸೊಟ್ಟಗಾಗುತ್ತದೆ. ನೀರು ಮುತ್ತಿನಂತೆ ಹನಿಗಟ್ಟಿ ಉರುಳಿದರೆ ಜಿಡ್ಡು ಇನ್ನೂ ಇದೆ, ತೆಳ್ಳಗೆ ಹರಡಿಕೊಂಡರೆ ಹೋಗಿದೆ. ಮುಂದಿನದು ಟೇಪ್. ಹೊಸ ಟೇಪನ್ನು ಒಂದೆರಡು ಸಲ ಕೈ ಹಿಂಭಾಗಕ್ಕೋ ಗಾಜಿಗೋ ಅಂಟಿಸಿ ಬಿಡಿಸಿ ಅಂಟು ಕಡಿಮೆ ಮಾಡಿ; ತೆಗೆಯುವಾಗ ಮೇಲಕ್ಕೆಳೆಯದೆ ಟೇಪನ್ನು ಅದರ ಮೈಮೇಲೇ ಮಡಚಿ ಹಿಂದಕ್ಕೆಳೆಯಿರಿ. ಅದಕ್ಕೂ ಬಗ್ಗದಿದ್ದರೆ ಲ್ಯಾಕರ್ ಪ್ರೈಮರ್ ಬೇಕು. ಅದು ಪ್ಲಾಸ್ಟಿಕ್ ಮೈಯನ್ನು ತುಸು ಕರಗಿಸಿಯೇ ಕೂರುವುದರಿಂದ ಎಬ್ಬಿಸಿದರೂ ಏಳುವುದಿಲ್ಲ.

ಕಿತ್ತ ಜಾಗದ ಮೇಲೆ ನೇರವಾಗಿ ಬಣ್ಣ ಹೊಡೆದರೆ ಅಂಚು ಮೆಟ್ಟಿಲಿನಂತೆ ಉಳಿಯುತ್ತದೆ. 2000 ನಂಬರಿನ ವಾಟರ್ ಪೇಪರಿನಿಂದ ಅಂಚನ್ನು ಇಳಿಜಾರಾಗಿಸಿ, ಆಮೇಲೆ ಮುಟ್ಟಿ.

ಟೇಪ್ ಅಡಿಗೆ ಬಣ್ಣ ನುಗ್ಗುವುದು ಇದರ ತಮ್ಮನಂಥ ತೊಂದರೆ. ಬಿಳಿ ಪಟ್ಟಿಗಳಲ್ಲಿ ಇದು ಢಾಳಾಗಿ ಕಾಣುತ್ತದೆ. ಕಡುಹಸಿರಿನ ಮೇಲೆ ಬಿಳಿ ಕೂರಿಸಲು ಹೋದರೆ ಐದಾರು ಪದರವಾಗಿ ಅಂಚು ದಪ್ಪಗಟ್ಟುತ್ತದೆ, ಆದ್ದರಿಂದ ಕ್ರಮವನ್ನೇ ತಿರುಗಿಸಿ. ಬಿಳಿಯನ್ನು ಮೊದಲು ಹೊಡೆದು, ಒಣಗಿಸಿ, ಪಟ್ಟಿಯಷ್ಟಗಲ ಟೇಪ್ ಹಚ್ಚಿ, ಟೇಪ್ ಅಂಚಿಗೆ ಮತ್ತೊಮ್ಮೆ ಅದೇ ಬಿಳಿಯನ್ನು ತೆಳ್ಳಗೆ ಸಿಂಪಡಿಸಿ. ನುಗ್ಗುವುದಿದ್ದರೆ ಬಿಳಿಯೇ ನುಗ್ಗಿ ಸಂದು ಮುಚ್ಚುತ್ತದೆ. ಆಮೇಲೆ ಕ್ಯಾಮಫ್ಲಾಜ್ ಹೊಡೆಯಿರಿ.

ಲಕ್ಷಣ: ಬಣ್ಣದ ಮೈ ತರಿತರಿ, ಅಥವಾ ಬಣ್ಣ ಜೇಡನ ಕಾಲಿನಂತೆ ಹರಿದಿದೆ

ಎರಡೂ ಒಂದೇ ಸಮತೋಲ ತಪ್ಪಿದ್ದರ ಎರಡು ತುದಿಗಳು. ತರಿತರಿಯಾದರೆ ಏರ್‌ಬ್ರಷ್‌ನಿಂದ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಪೆನ್ನಿನಂಥ ಉಪಕರಣ) ಹೊರಟ ಬಣ್ಣದ ಹನಿ ಮಾಡೆಲ್ ಮುಟ್ಟುವ ಮೊದಲೇ ಗಾಳಿಯಲ್ಲಿ ಒಣಗಿದೆ. ಜೇಡನ ಕಾಲಾದರೆ ಹನಿ ತೀರ ತೆಳುವಾಗಿ ಬಂದು, ಗಾಳಿ ಅದನ್ನು ತಳ್ಳಿಕೊಂಡು ಹೋಗಿದೆ.

ತರಿಗೆ ಮೊದಲು ದೂರ ಕಡಿಮೆ ಮಾಡಿ. 15 ಸೆಂ.ಮೀ. ದೂರದಿಂದ ಹೊಡೆಯುತ್ತಿದ್ದರೆ 5ರಿಂದ 8ಕ್ಕೆ ಬನ್ನಿ. ಸಾಲದಿದ್ದರೆ ಥಿನ್ನರ್ ಹೆಚ್ಚಿಸಿ. ಟಾಮಿಯಾ ಕಂಪನಿಯ ಅಕ್ರಿಲಿಕ್ ಬಣ್ಣ ಆದರೆ ಬಣ್ಣ ಒಂದು ಪಾಲು, ಥಿನ್ನರ್ ಒಂದು ಪಾಲು, ಒತ್ತಡ 15ರಿಂದ 20 ಪಿಎಸ್‌ಐ ಎಂಬಲ್ಲಿಂದ ಶುರು ಮಾಡಬಹುದು. ಕಪ್‌ನ ಗೋಡೆಗೆ ಹಚ್ಚಿದ ಬಣ್ಣ ಹಾಲಿನಂತೆ ಇಳಿದು ತೆಳು ಪೊರೆ ಬಿಡಬೇಕು. ಬಳ್ಳಾರಿ, ಕಲಬುರಗಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಇದೇ ಅಳತೆ ಸಾಲದು, ಹನಿ ದಾರಿಯಲ್ಲೇ ಆರಿಬಿಡುತ್ತದೆ. ಅಂಥಲ್ಲಿ ರಿಟಾರ್ಡರ್ (ಒಣಗುವುದನ್ನು ನಿಧಾನಿಸುವ ದ್ರವ) ಇರುವ ಥಿನ್ನರ್ ಬಳಸಿ, ಇಲ್ಲವೇ ಬೆಳಗಿನ ಜಾವಕ್ಕೆ ಕೆಲಸ ಇಟ್ಟುಕೊಳ್ಳಿ. ಆಗಲೇ ತರಿಯಾದ ಮೈಯನ್ನು 2000ದ ಪೇಪರಿನಿಂದ ಒದ್ದೆಯಾಗಿ ಸವರಿದರೆ ಹೆಚ್ಚಿನದು ಹೋಗುತ್ತದೆ. ಇದನ್ನು ಉದಾಸೀನ ಮಾಡಬೇಡಿ: ಮುಂದೆ ಡೀಕಾಲ್ ಕೂರದೆ ಇರುವುದು ಇದೇ ತರಿಯಿಂದ.

ಜೇಡನ ಕಾಲಿಗೆ ಒತ್ತಡ ಇಳಿಸಿ, ಟ್ರಿಗರ್ ಕಡಿಮೆ ಎಳೆಯಿರಿ, ಮೊದಲ ಪದರ ಮಂಜಿನಷ್ಟೇ ಇರಲಿ. ಕ್ಯಾಮಫ್ಲಾಜ್ ಅಂಚಿನ ಗೆರೆಗಳಿಗೆ ಒಂದಕ್ಕೆ ಎರಡು ಪಾಲು ಥಿನ್ನರ್, 10ರಿಂದ 12 ಪಿಎಸ್‌ಐ, ಎರಡು ಸೆಂ.ಮೀ. ದೂರ. ಹರಿದದ್ದನ್ನು ಒದ್ದೆಯಿರುವಾಗ ಒರೆಸಲು ಹೋಗದೆ ಒಣಗಲು ಬಿಟ್ಟು ಸವರುವುದೇ ಮೇಲು.

ಲಕ್ಷಣ: ಏರ್‌ಬ್ರಷ್ ಉಗುಳುತ್ತದೆ, ಕಪ್‌ನಲ್ಲಿ ಗುಳ್ಳೆ ಏಳುತ್ತದೆ

ಉಗುಳಿದರೆ ಮೊದಲು ಸೂಜಿಯ ತುದಿ ನೋಡಿ. ಅಕ್ರಿಲಿಕ್ ಬಣ್ಣ ಅಲ್ಲಿ ಒಣಗಿ ಸಾಸಿವೆಗಿಂತ ಚಿಕ್ಕ ಗಂಟು ಕಟ್ಟಿರುತ್ತದೆ. ಥಿನ್ನರ್ ಅದ್ದಿದ ಬ್ರಷ್‌ನಿಂದ ಒರೆಸಿದರೆ ಸರಿಹೋಗುತ್ತದೆ. ಐದು ನಿಮಿಷಕ್ಕೊಮ್ಮೆ ಮತ್ತೆ ಕಟ್ಟುತ್ತದೆ, ಮತ್ತೆ ಒರೆಸಬೇಕು. ನೀರಿನ ಹನಿ ಬೀಳುತ್ತಿದ್ದರೆ ಅದು ಕಂಪ್ರೆಸರ್‌ನ ತೇವ. ಮಳೆಗಾಲದಲ್ಲಿ ಟ್ಯಾಂಕಿನ ತಳದ ಕೊಳಾಯಿ ತೆರೆದು ನೀರು ಬಸಿಯಿರಿ, ಪೈಪಿನಲ್ಲಿ ಮಾಯಿಶ್ಚರ್ ಟ್ರ್ಯಾಪ್ ಹಾಕಿ.

ಕಪ್‌ನಲ್ಲಿ ಗುಳ್ಳೆ ಏಳುವುದೆಂದರೆ ಗಾಳಿ ಮುಂದಕ್ಕೆ ಹೋಗಬೇಕಾದದ್ದು ಹಿಂದಕ್ಕೆ ನುಗ್ಗುತ್ತಿದೆ. ಮುಂದಿನ ಮುಚ್ಚಳ ಸಡಿಲವೇ, ನಾಜಲ್ ಕಟ್ಟಿದೆಯೇ ನೋಡಿ. ಸ್ವಚ್ಛ ಮಾಡಿದ ಮೇಲೂ ಗುಳ್ಳೆ ಬಂದರೆ ನಾಜಲ್‌ನ ತಿರುಪಿನ ಮರೆಗೆ (ಥ್ರೆಡ್) ಜೇನುಮೇಣ ಸವರಿ ಕೂರಿಸಿ. ಅದಕ್ಕೂ ನಿಲ್ಲದಿದ್ದರೆ ಭೂತಗನ್ನಡಿಯಲ್ಲಿ ನಾಜಲ್ ಬಾಯಿ ನೋಡಿ: ಸೀಳಿದ್ದರೆ, ತುತ್ತೂರಿಯಂತೆ ಅರಳಿದ್ದರೆ ಹೊಸದೇ ಬೇಕು. 0.3 ಮಿ.ಮೀ. ನಾಜಲ್ ಅಕ್ಕಿಕಾಳಿನಷ್ಟು ನಾಜೂಕು. ಸ್ಪ್ಯಾನರ್ ಬಿಗಿಯುವಾಗ ಎರಡು ಬೆರಳ ಬಲ ಸಾಕು. ಮರೆ ಒಳಗೇ ಮುರಿದುಕೊಂಡರೆ ಕೆದಕಬೇಡಿ, ಏರ್‌ಬ್ರಷ್ ರಿಪೇರಿ ಮಾಡುವವರಿಗೆ ಕೊಡಿ. ಕಂಪ್ರೆಸರ್ ಮುಟ್ಟಿದರೆ ಜುಂ ಎಂದರೂ ಅಷ್ಟೇ. ಪ್ಲಗ್ ತೆಗೆದು ಎಲೆಕ್ಟ್ರಿಷಿಯನ್ ಕರೆಯಿರಿ.

ಲಕ್ಷಣ: ಡೀಕಾಲ್ ಕೆಳಗೆ ಬೆಳ್ಳಿ ಮಿಂಚು

ನೇರ ನೋಡಿದರೆ ರೌಂಡೆಲ್ ಚೆನ್ನಾಗಿದೆ. ಮಾಡೆಲನ್ನು ದೀಪದಡಿ ಸ್ವಲ್ಪ ಓರೆ ಮಾಡಿದರೆ ಕಡುನೀಲಿಯ ಸುತ್ತ ಉಗುರಿನ ಕಣ್ಣಿನಷ್ಟಗಲ ಒಂದು ಬಳೆ ಮೀನಿನ ಹೊಟ್ಟೆಯಂತೆ ಹೊಳೆಯುತ್ತದೆ. ಸ್ಕ್ವಾಡ್ರನ್ ಅಕ್ಷರಗಳ ನಡುವಿನ ಜಾಗವೂ ಹಾಗೇ. ಅಲ್ಲಿರುವುದು ಗಾಳಿ. ಮ್ಯಾಟ್ (ಹೊಳಪಿಲ್ಲದ) ಬಣ್ಣದ ಮೈ ಕಣ್ಣಿಗೆ ಕಾಣದ ಗುಡ್ಡ ತಗ್ಗು, ಡೀಕಾಲ್ ಗುಡ್ಡಗಳ ಮೇಲೆ ಹಾಸಿಕೊಂಡಿದೆ, ತಗ್ಗುಗಳಲ್ಲಿ ಗಾಳಿ ಉಳಿದಿದೆ.

ಡೀಕಾಲ್ ಒಣಗಿಹೋಗಿದ್ದರೆ ಹೊಸ ಬ್ಲೇಡಿನ ತುದಿಯಿಂದ ಮಿಂಚುವ ಜಾಗಕ್ಕೆ ಹತ್ತಾರು ಚುಚ್ಚು ಕೊಟ್ಟು, ಮೈಕ್ರೋ ಸಾಲ್‌ನಂಥ ಮೆತ್ತಗಾಗಿಸುವ ದ್ರವ ಒಂದು ಹನಿ ಬಿಡಿ. ದ್ರವ ಒಳಗೆ ಹೀರಿಕೊಂಡು ಗಾಳಿ ಹೊರಬರುತ್ತದೆ. ಆ ಹೊತ್ತಿಗೆ ಡೀಕಾಲ್ ಒಣದ್ರಾಕ್ಷಿಯಂತೆ ಸುಕ್ಕುಗಟ್ಟುತ್ತದೆ. ಮುಟ್ಟಬೇಡಿ. ನೇರ ಮಾಡಲು ಬ್ರಷ್ ಎಳೆದರೆ ಹರಿಯುತ್ತದೆ, ಬಿಟ್ಟರೆ ಗಂಟೆಯೊಳಗೆ ತಾನೇ ಇಳಿದು ಪ್ಯಾನೆಲ್ ಗೆರೆಯೊಳಗೂ ಕೂರುತ್ತದೆ. ಮೂರು ಸಲ ಮಾಡಿಯೂ ಮಿಂಚು ಉಳಿದರೆ ಸಾಕು ಮಾಡಿ, ಉಳಿದದ್ದನ್ನು ಹಿನ್ನೆಲೆಯ ಬಣ್ಣದಿಂದ ಸಣ್ಣ ಬ್ರಷ್‌ನಲ್ಲಿ ಮುಚ್ಚಿ.

ಇದು ಬರದೇ ಇರಬೇಕಾದರೆ ಡೀಕಾಲ್‌ಗೆ ಮುನ್ನ ಗ್ಲಾಸ್ (ಹೊಳಪಿನ) ವಾರ್ನಿಶ್ ಬೇಕು. ಬೆರಳಾಡಿಸಿದರೆ ಗಾಜಿನಂತೆ ಜಾರಬೇಕು. 24 ಗಂಟೆ ಒಣಗಬೇಕು. ಬೆಚ್ಚಗಿನ ನೀರಿನಲ್ಲಿ 20ರಿಂದ 30 ಸೆಕೆಂಡ್ ಅದ್ದಿ ಹೊರಗಿಟ್ಟು, ತಾನೇ ಜಾರುವವರೆಗೆ ಕಾಯಿರಿ. ನೀರಿನಲ್ಲೇ ತೇಲಲು ಬಿಟ್ಟರೆ ಅಂಟೆಲ್ಲ ಕರಗಿಹೋಗುತ್ತದೆ.

ಡೀಕಾಲ್ ನೀರಿನಲ್ಲೇ ಚೂರಾದರೆ ಹಾಳೆ ಹಳೆಯದು. ಹಳೆ ಕಿಟ್ ಆದರೆ ಬೇಡದ ಒಂದು ಡೀಕಾಲನ್ನು ಮೊದಲು ಅದ್ದಿ ನೋಡಿ. ಅದು ಒಡೆದರೆ ಉಳಿದ ಹಾಳೆಗೆ ಲಿಕ್ವಿಡ್ ಡೀಕಾಲ್ ಫಿಲ್ಮ್ ಒಂದು ಪದರ ಹಚ್ಚಿ ಒಣಗಿಸಿ, ಒಂದೊಂದನ್ನೇ ಅಂಚು ಹಿಡಿದು ಕತ್ತರಿಸಿ ಬಳಸಿ. ತಿಳಿನೀಲಿ ಚುಕ್ಕೆಯ ಮೂಲಕ ಕೆಳಗಿನ ಹಸಿರು ಮತ್ತು ಬೂದು ಸೇರುವ ಗೆರೆ ಕಾಣುತ್ತಿದ್ದರೆ ಡೀಕಾಲ್ ಪಾರದರ್ಶಕ ಎಂದರ್ಥ. ಹೆಚ್ಚುವರಿ ರೌಂಡೆಲ್ ಇದ್ದರೆ ಅದರ ನಡುಚುಕ್ಕೆ ಕತ್ತರಿಸಿ ಮೇಲೆ ಇನ್ನೊಂದು ಕೂರಿಸಿ. ಇಲ್ಲದಿದ್ದರೆ ಬ್ರಷ್ಷೇ ಗತಿ.

ಲಕ್ಷಣ: ವಾರ್ನಿಶ್ ಮೇಲೆ ಬಿಳಿ ಮಂಜು

ಮಂಗಳೂರು, ಉಡುಪಿ, ಕಾರವಾರದ ಕಡೆ ಜುಲೈ ತಿಂಗಳಲ್ಲಿ ಇದು ಹೆಚ್ಚು. ಲ್ಯಾಕರ್ ಬೇಗ ಆರುವಾಗ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂತು ಪದರದೊಳಗೆ ಸಿಕ್ಕಿಕೊಂಡು ಬೆಳ್ಳಗಾಗುತ್ತದೆ.

ಒಂದು ರಾತ್ರಿ ಕಾಯುವುದೇ ಎಲ್ಲಕ್ಕಿಂತ ಅಗ್ಗದ ಮದ್ದು. ತೆಳು ಮಂಜು ತಾನೇ ಹೋಗುವುದುಂಟು. ಹೋಗದಿದ್ದರೆ ಲೆವೆಲಿಂಗ್ ಥಿನ್ನರ್ (ನಿಧಾನಕ್ಕೆ ಆರುವ ಲ್ಯಾಕರ್ ಥಿನ್ನರ್) ಒಂದನ್ನೇ ದೂರದಿಂದ ತೆಳ್ಳಗೆ ಸಿಂಪಡಿಸಿ. ಮೈ ಮತ್ತೆ ಮೆತ್ತಗಾಗಿ, ತೇವ ಹೊರಬಂದು, ಪದರ ತಿಳಿಯಾಗುತ್ತದೆ. ಚಮಚದ ಮೇಲೆ ಮೊದಲು ಮಾಡಿ, ಏಕೆಂದರೆ ಡೀಕಾಲ್ ಮೇಲೆ ಜಾಸ್ತಿ ಬಿದ್ದರೆ ಅದೂ ಕರಗುತ್ತದೆ.

ಆದರೆ ಮ್ಯಾಟ್ ವಾರ್ನಿಶ್‌ನ ಬಿಳುಪು ಎಲ್ಲ ಸಲವೂ ತೇವದ್ದಲ್ಲ. ಬಾಟಲಿಯ ತಳದಲ್ಲಿ ಹೊಳಪು ಕಳೆಯುವ ಪುಡಿ ಕೂತಿರುತ್ತದೆ, ಸರಿಯಾಗಿ ಕಲಕದೆ ಹೊಡೆದರೆ ಅದೇ ಗುಂಪುಗುಂಪಾಗಿ ಬೀಳುತ್ತದೆ. ಒದ್ದೆ ಬೆರಳ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬರುತ್ತದೆ. ನೀರು ಹಚ್ಚಿದಾಗ ಬಿಳುಪು ಮಾಯವಾದರೆ ಪುಡಿ. ಅದರ ಮೇಲೆ ಗ್ಲಾಸ್ ಒಂದು ಪದರ ಕೊಟ್ಟು, ಒಣಗಿದ ಮೇಲೆ, ಎರಡು ನಿಮಿಷ ಚೆನ್ನಾಗಿ ಕಲಕಿದ ಮ್ಯಾಟನ್ನು ತೆಳ್ಳಗೆ ಮತ್ತೆ ಹೊಡೆಯಿರಿ.

ಲಕ್ಷಣ: ಕೆನೋಪಿಯ (ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳ) ಗಾಜು ಮಬ್ಬಾಗಿದೆ

ಸೂಪರ್ ಗ್ಲೂ ಬಳಸಿದ್ದೀರಿ. ಅದರ ಆವಿ ತೇವ, ಬೆರಳಚ್ಚು ಇದ್ದಲ್ಲಿ ಹೋಗಿ ಕೂತು ಬಿಳಿ ಪೊರೆಯಾಗುತ್ತದೆ. ಕಾಕ್‌ಪಿಟ್ ಒಳಗೆ ಬೇರೇನೋ ಅಂಟಿಸಿ ತಕ್ಷಣ ಕೆನೋಪಿ ಮುಚ್ಚಿದರೂ ಆಗುತ್ತದೆ.

ಮಬ್ಬು ಹೊರಗಿದ್ದರೆ ಪ್ಲಾಸ್ಟಿಕ್ ಪಾಲಿಶ್ ಹಚ್ಚಿ ಹತ್ತಿಯಿಂದ ಸಣ್ಣ ವೃತ್ತದಲ್ಲಿ ಉಜ್ಜಿ. ಒಳಗಿದ್ದರೆ ತೆಗೆಯಲೇಬೇಕು, ಬ್ಲೇಡನ್ನು ಸಂದಿಯಲ್ಲಿ ನಿಧಾನಕ್ಕೆ ಆಡಿಸಿ, ಮೀಟಬೇಡಿ, ಪಾರದರ್ಶಕ ಪ್ಲಾಸ್ಟಿಕ್ ಗಾಜಿನಂತೆಯೇ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ತೆಗೆದು, ಪಾಲಿಶ್ ಮಾಡಿ, ಪಾರದರ್ಶಕ ಅಕ್ರಿಲಿಕ್ ಗ್ಲಾಸ್ ವಾರ್ನಿಶ್‌ನಲ್ಲಿ ಅದ್ದಿ, ಟಿಶ್ಯೂ ಕಾಗದದ ಅಂಚಿಗೆ ತಾಗಿಸಿ ಹೆಚ್ಚಾದದ್ದನ್ನು ಬಸಿದು, ಡಬ್ಬಿ ಮುಚ್ಚಿ ಒಂದು ದಿನ ಬಿಡಿ. ಮತ್ತೆ ಕೂರಿಸುವಾಗ ಫೆವಿಕಾಲ್ ಬಳಸಿ. ಅದು ಒಣಗಿದರೆ ತಿಳಿಯಾಗುತ್ತದೆ, ತಪ್ಪಾದರೆ ಒದ್ದೆ ಬ್ರಷ್‌ಗೆ ಬಿಟ್ಟುಕೊಡುತ್ತದೆ, ಆವಿಯ ಮಬ್ಬಂತೂ ಇಲ್ಲ. ಕೆನೋಪಿ ಸೀಳಿಬಿಟ್ಟಿದ್ದರೆ ಪಾಲಿಶ್‌ನಿಂದ ಹೋಗುವುದಿಲ್ಲ. ಕಿಟ್ ಕಂಪನಿಗೆ ಭಾಗದ ನಂಬರ್ ಹಾಕಿ ಬರೆಯಿರಿ, ಇಲ್ಲವೇ ಬಿಡಿಯಾಗಿ ಸಿಗುವ ವ್ಯಾಕ್ಯೂಮ್ ಅಚ್ಚಿನ ಕೆನೋಪಿ ಹುಡುಕಿ.

ಲಕ್ಷಣ: ವಾಷ್ ಹಾಕಿದ ಮೇಲೆ ಬಣ್ಣ ಕರಗಿತು, ಅಥವಾ ಚಕ್ರದ ಕಾಲು ಮುರಿಯಿತು

ಪ್ಯಾನೆಲ್ ಗೆರೆಗೆ ಹರಿಸುವ ತೆಳು ಬಣ್ಣವಾದ ಎನಾಮೆಲ್ ವಾಷ್‌ನ ಥಿನ್ನರ್ ಎನಾಮೆಲ್ ಬಣ್ಣವನ್ನೇ ಕರಗಿಸುತ್ತದೆ. ನಡುವೆ ಅಕ್ರಿಲಿಕ್ ಅಥವಾ ಲ್ಯಾಕರ್ ಗ್ಲಾಸ್ ಪದರ ಇರಲೇಬೇಕು. ಕರಗಲು ಶುರುವಾದದ್ದು ಕಂಡರೆ ಒರೆಸುವುದನ್ನು ನಿಲ್ಲಿಸಿ, ಎರಡು ದಿನ ಒಣಗಿಸಿ, ಆ ಜಾಗಕ್ಕೆ ಬಣ್ಣ ಮುಟ್ಟಿಸಿ, ಗ್ಲಾಸ್ ಹೊಡೆದು ಮುಂದುವರಿಯಿರಿ.

ಕಾಲು ಮುರಿಯುವುದು ಹೆಚ್ಚು ಗಂಭೀರ. ಬಣ್ಣವಿಲ್ಲದ ಬರಿ ಪ್ಲಾಸ್ಟಿಕ್ ಮೇಲೆ ಈ ಥಿನ್ನರ್ ನಿಂತರೆ, ಬಾಗಿಸಿ ಅಂಟಿಸಿದ ಅಥವಾ ಭಾರ ಹೊತ್ತ ಭಾಗಗಳಲ್ಲಿ ಪ್ಲಾಸ್ಟಿಕ್ ಸೀಳುತ್ತದೆ. ಚಕ್ರಗುಣಿಯ ಒಳಗೂ ಪ್ರೈಮರ್ ಮುಟ್ಟಿರಲಿ, ವಾಷ್ ಹನಿಹನಿಯಾಗಿರಲಿ. ಮುರಿದ ಕಾಲನ್ನು ಸುಮ್ಮನೆ ಅಂಟಿಸಿದರೆ ನಿಲ್ಲುವುದಿಲ್ಲ. ಎರಡೂ ತುದಿಗೆ ಕೈಡ್ರಿಲ್‌ನಿಂದ 0.4 ಮಿ.ಮೀ. ತೂತು ಕೊರೆದು, ಹಿತ್ತಾಳೆ ತಂತಿ ಕೂರಿಸಿ, ಸೂಪರ್ ಗ್ಲೂ ಹಾಕಿ.

ಯಾವಾಗ ಬಣ್ಣ ಪೂರ್ತಿ ತೆಗೆಯಬೇಕು

ಒಂದೇ ಜಾಗವನ್ನು ಮೂರು ಸಲ ಸರಿ ಮಾಡಿ, ಪ್ಯಾನೆಲ್ ಗೆರೆಗಳು ಬಣ್ಣದಿಂದ ತುಂಬತೊಡಗಿದರೆ ನಾಲ್ಕನೆಯದಕ್ಕೆ ಹೋಗಬೇಡಿ. ಟಾಮಿಯಾದಂಥ ಅಕ್ರಿಲಿಕ್ ಆದರೆ 90 ಶೇಕಡಾಕ್ಕೂ ಮೇಲಿನ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಲ್ಯಾಕರ್ ಥಿನ್ನರ್‌ನಲ್ಲಿ ಮಾತ್ರ ಅದ್ದಬೇಡಿ, ಬಣ್ಣದ ಜೊತೆ ವಿಮಾನವೂ ಕರಗುತ್ತದೆ.

ಕೆನೋಪಿಯನ್ನು ಬಿಡಿಸಿ ಪಕ್ಕಕ್ಕಿಡಿ. ಡೀಕಾಲ್‌ಗಳನ್ನು ಅಂಟು ಜಾಸ್ತಿಯಿರುವ ಟೇಪಿನಿಂದ ಎಬ್ಬಿಸಿ. ಕೈಗೆ ನೈಟ್ರೈಲ್ ಗ್ಲೌಸ್ ಹಾಕಿ, ಕಿಟಕಿ ತೆರೆದು, ಮುಚ್ಚಳವಿರುವ ಡಬ್ಬಿಯಲ್ಲಿ ಅರ್ಧ ಗಂಟೆ ನೆನೆಸಿ. ಹಳೆ ಟೂತ್‌ಬ್ರಷ್‌ನಿಂದ ಗೆರೆಗಳುದ್ದಕ್ಕೂ ತಿಕ್ಕಿ, ಮತ್ತೆ ಅದ್ದಿ, ಮತ್ತೆ ತಿಕ್ಕಿ. ಕೆಳಗಿನ ಲ್ಯಾಕರ್ ಪ್ರೈಮರ್ ಅಲ್ಲಲ್ಲಿ ಉಳಿದರೆ ಉಳಿಯಲಿ, ಅದು ಗಟ್ಟಿಯಾಗಿ ಕಚ್ಚಿರುವುದರ ಗುರುತು. ಸಾಬೂನು ನೀರಿನಲ್ಲಿ ತೊಳೆದು ಒಂದು ದಿನ ಆರಿಸಿ. ಆಮೇಲೆ ಟಾರ್ಚ್ ಓರೆಯಾಗಿ ಹಿಡಿದು ರೆಕ್ಕೆಯ ಬುಡ, ಬೆನ್ನಿನ ಗೆರೆ ಎರಡನ್ನೂ ಮತ್ತೊಮ್ಮೆ ನೋಡಿ. ಮೊದಲ ಸಲ ಬಣ್ಣದಡಿ ಅಡಗಿದ್ದ ಸಂದು ಈಗ ಬರಿ ಪ್ಲಾಸ್ಟಿಕ್ ಮೇಲೆ ಕಾಣಿಸುತ್ತದೆ. ಪ್ರೈಮರ್ ಹೊಡೆಯುವ ಮೊದಲೇ ಅದನ್ನು ತುಂಬಿ.